ಹಳೇ ಕಂಪ್ಯೂಟರಿಗೆ ಕೊರಿಯನ್ ತಂತ್ರಾಂಶ: ಫಾಂಟಿಗಿಂತ ಮೊದಲು ಎನ್‌ಕೋಡಿಂಗ್

ವಿಂಡೋಸ್ 98 ಅಥವಾ ಎಕ್ಸ್‌ಪಿ ಓಡುತ್ತಿರುವ ಹಳೇ ಕಂಪ್ಯೂಟರಿನಲ್ಲಿ ಕೊರಿಯನ್ ಓದಬೇಕು, ಟೈಪು ಮಾಡಬೇಕು ಎಂದು ಹೊರಟವರು ಮೊದಲು ಹುಡುಕುವುದು ಅಂದವಾದ ಫಾಂಟನ್ನು, ಆಮೇಲೆ ಕೈಗೆ ಒಗ್ಗುವ ಕೀಲಿಮಣೆಯನ್ನು. ಇವೆರಡೂ ಎರಡನೇ ಮಾತು. ತಂತ್ರಾಂಶ ಅಕ್ಷರಗಳನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಉಳಿಸುತ್ತದೆ, ಯಾವ್ಯಾವುದನ್ನು ಓದಬಲ್ಲದು, ಅಲ್ಲಿಂದ ಯೂನಿಕೋಡಿಗೆ ದಾಟುವ ದಾರಿ ಇದೆಯೇ ಎಂಬುದನ್ನು ನೋಡಿಯೇ ಆಯ್ಕೆ ಮಾಡಬೇಕು. ನುಡಿ, ಶ್ರೀಲಿಪಿಗಳ ಹಳೇ ಫೈಲುಗಳೊಂದಿಗೆ ಹೆಣಗಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮಲ್ಲಿ ಗೊಂದಲ ಹುಟ್ಟಿದ್ದು ಒಬ್ಬೊಬ್ಬರ ಫಾಂಟಿಗೆ ಒಂದೊಂದು ಸಂಕೇತ ಇದ್ದುದರಿಂದ. ಕೊರಿಯಾದಲ್ಲಿ ಗೊಂದಲದ ಬೇರು ಸರ್ಕಾರಿ ಮಾನಕದಲ್ಲೇ ಇತ್ತು.

ಹಂಗುಲ್ ಲಿಪಿಯಲ್ಲಿ ಒಂದು ವ್ಯಂಜನ, ಒಂದು ಸ್ವರ, ಬೇಕಿದ್ದರೆ ಕೊನೆಗೆ ಇನ್ನೊಂದು ವ್ಯಂಜನ ಸೇರಿ ಒಂದೇ ಚೌಕದೊಳಗೆ ಕೂರುತ್ತವೆ. ಮೊದಲ ಸ್ಥಾನಕ್ಕೆ 19, ನಡುವಿಗೆ 21, ಕೊನೆಗೆ 27 ಆಯ್ಕೆಗಳು. ಕೊನೆಯದು ಖಾಲಿಯೂ ಇರಬಹುದು. ಗುಣಿಸಿದರೆ 11,172 ಅಕ್ಷರ. 1987ರ ಕೆಎಸ್ ಸಿ 5601 ಮಾನಕ ಇವುಗಳಲ್ಲಿ ಹೆಚ್ಚು ಬಳಕೆಯ 2,350ನ್ನು ಮಾತ್ರ ಸಿದ್ಧರೂಪದಲ್ಲಿ ಸೇರಿಸಿಕೊಂಡಿತು. ಅದೇ ಮಾನಕ ಚೀನೀ ಮೂಲದ ಹಂಜಾ ಅಕ್ಷರಗಳಿಗೆ 4,888 ಜಾಗ ಬಿಟ್ಟುಕೊಟ್ಟಿತು! ಫಲವಾಗಿ 'ತ್ತೋಮ್‌ಬಾಂಗ್ ಗಾಖಾ' ಎಂಬ ಜನಪ್ರಿಯ ಟಿವಿ ಧಾರಾವಾಹಿಯ ಹೆಸರಿನ ಮೊದಲ ಅಕ್ಷರವನ್ನೇ ಈ ಮಾನಕದಲ್ಲಿ ಬರೆಯಲಾಗುತ್ತಿರಲಿಲ್ಲ. ಇದಕ್ಕೆ ಎದುರಾಗಿ ನಿಂತದ್ದು 'ಜೋಹಾಪ್' ಪದ್ಧತಿ: ಮೂರು ಸ್ಥಾನಗಳಿಗೂ ಐದೈದು ಬಿಟ್ ಕೊಟ್ಟು ಅಕ್ಷರವನ್ನು ಜೋಡಿಸಿಕೊಳ್ಳುವ ಕ್ರಮ. 1989ರಲ್ಲಿ ಲೀ ಚಾನ್‌ಜಿನ್ ಮತ್ತು ಗೆಳೆಯರು ಹೊರತಂದ 'ಹಂಗುಲ್' ವರ್ಡ್ ಪ್ರೊಸೆಸರ್ ಈ ಜಾಡಿನದು. ಮೈಕ್ರೋಸಾಫ್ಟ್ ತನ್ನ ಕೊರಿಯನ್ ವಿಂಡೋಸ್ 95ರಲ್ಲಿ, ಆ ಮಾನಕದಿಂದ ಬಿಟ್ಟುಹೋಗಿದ್ದ 8,822 ಅಕ್ಷರಗಳನ್ನು ಹಳೇ ಮಾನಕದ ಸಂದಿಗಳಲ್ಲಿ ತುರುಕಿತು. 1996ರ ಯೂನಿಕೋಡ್ 2.0 ಎಲ್ಲವನ್ನೂ ಒಂದೇ ಸಾಲಿನಲ್ಲಿ ಕ್ರಮವಾಗಿ ಕೂರಿಸಿತು. ಹೀಗಾಗಿ 'ಕೊರಿಯನ್ ಫೈಲು' ಎಂದು ಕೈಗೆ ಬಂದದ್ದು ಈ ನಾಲ್ಕರಲ್ಲಿ ಯಾವುದಾದರೂ ಆಗಿರಬಹುದು, ಒಂದನ್ನಷ್ಟೇ ಬಲ್ಲ ತಂತ್ರಾಂಶ ಮಿಕ್ಕವನ್ನು ಕಸವಾಗಿ ತೋರಿಸುತ್ತದೆ.

ಟೈಪು ಮಾಡುವ ಕಷ್ಟವೇ ಬೇರೆ. ಬಳಕೆಯಲ್ಲಿರುವ 'ದುಬೊಲ್‌ಶಿಕ್' ಕೀಲಿಮಣೆಯಲ್ಲಿ ಎಡಗೈಗೆ ವ್ಯಂಜನ, ಬಲಗೈಗೆ ಸ್ವರ. ಜಿ, ಕೆ, ಎಸ್ ಕೀಲಿಗಳನ್ನು ಒತ್ತಿದರೆ 'ಹನ್' ಎಂಬ ಒಂದು ಚೌಕ ಮೂಡುತ್ತದೆ. ಮತ್ತೆ ಕೆ ಒತ್ತಿದ ಕೂಡಲೇ ಅದರ ಕೊನೆಯ 'ನ್' ಕಳಚಿಕೊಂಡು ಮುಂದಿನ ಚೌಕಕ್ಕೆ ಹಾರಿ 'ಹನಾ' ಆಗುತ್ತದೆ. ಪರದೆಯ ಮೇಲೆ ಆಗಲೇ ಕೂತ ಅಕ್ಷರವನ್ನು ಅಳಿಸಿ ಮತ್ತೆ ಬರೆಯುವ ಈ ಕೆಲಸಕ್ಕೆ ಆಪರೇಟಿಂಗ್ ಸಿಸ್ಟಮ್ಮಿನ ಸಹಕಾರ ಬೇಕು. ಇಂಗ್ಲಿಷ್ ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ಕೊಟ್ಟ 'ಗ್ಲೋಬಲ್ ಐಎಂಇ' ಎಂಬ ಟೈಪಿಂಗ್ ಸಾಧನ ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಔಟ್‌ಲುಕ್ ಎಕ್ಸ್‌ಪ್ರೆಸ್, ವರ್ಡ್ 2000ದಂಥ ಕೆಲವೇ ಕಡೆ ನಡೆಯುತ್ತಿತ್ತು, ನೋಟ್‌ಪ್ಯಾಡಿನಲ್ಲಿ ಇಲ್ಲ. ಎಕ್ಸ್‌ಪಿಯಲ್ಲಿ ಈ ಪೇಚಾಟವಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಭಾಷಾ ಆಯ್ಕೆಗಳಲ್ಲಿ ಪೂರ್ವ ಏಷ್ಯಾ ಭಾಷೆಗಳಿಗೆ ಟಿಕ್ ಹಾಕಿದರೆ ಓದಲು ಬರುತ್ತದೆ, ಅಲ್ಲೇ ಕೊರಿಯನ್ ಕೀಲಿಮಣೆಯನ್ನೂ ಸೇರಿಸಿದರೆ ಬರೆಯಲೂ ಬರುತ್ತದೆ. ಸುಮಾರು 230 ಎಂಬಿ ಜಾಗ ಮತ್ತು ಮೂಲ ಸಿಡಿ ಬೇಕು, ಅಷ್ಟೇ. ಎಕ್ಸ್‌ಪಿ ಇದ್ದವರು ಹೊರಗಿನ ತಂತ್ರಾಂಶ ಹುಡುಕುವುದು ಅನಗತ್ಯ ಎಂದೇ ನನ್ನ ಅಭಿಪ್ರಾಯ.

ಬ್ರೌಸರಿನಲ್ಲೇ ಟೈಪು ಮಾಡುವ ಸೌಲಭ್ಯ ಇರುವಾಗ ಇಷ್ಟೆಲ್ಲ ತಲೆಬಿಸಿ ಯಾಕೆ ಎನ್ನಬಹುದು. ಆದರೆ ಇಂದಿನ ಬಹುಪಾಲು ಜಾಲತಾಣಗಳ ಸುರಕ್ಷಾ ವ್ಯವಸ್ಥೆ ಆ ಕಾಲದ ಬ್ರೌಸರಿಗೆ ಅರ್ಥವೇ ಆಗದು, ಪುಟವೇ ತೆರೆಯುವುದಿಲ್ಲ. ಹಗುರವಾದ ಲಿನಕ್ಸ್ ಹಾಕಿಬಿಡಿ ಎಂಬ ಸಲಹೆಯಲ್ಲಿ ತೂಕವಿದೆ. ಲಿಬ್‌ಹಂಗುಲ್ ಆಧರಿಸಿದ ನಬಿ ಅಥವಾ ಐಬಸ್ ಹಂಗುಲ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ನಾನುಮ್ ಫಾಂಟು ಸೇರಿಸಿದರೆ ಹೊಸ ಬರವಣಿಗೆಗೆ ಸಾಕು, ಉಳಿಯುವುದೂ ಯೂನಿಕೋಡಿನಲ್ಲೇ. ಇಂಟರ್‌ನೆಟ್ಟಿಗೆ ಜೋಡಿಸುವುದಿದ್ದರೆ ಎಕ್ಸ್‌ಪಿಗಿಂತ ಇದೇ ಮೇಲು, 2014ರಿಂದ ಎಕ್ಸ್‌ಪಿಗೆ ಬೆಂಬಲವಿಲ್ಲವಲ್ಲ.

ಲಿನಕ್ಸ್ ಸೋಲುವುದು ಹಳೇ ದಾಖಲೆಗಳೆದುರು. 'ಹಂಗುಲ್' ತಂತ್ರಾಂಶದ ಎಚ್‌ಡಬ್ಲ್ಯುಪಿ ಫೈಲುಗಳು ಕೊರಿಯಾದ ಕಚೇರಿ, ಶಾಲೆಗಳಲ್ಲಿ ರಾಶಿ ಬಿದ್ದಿವೆ. 1998ರಲ್ಲಿ ಮೈಕ್ರೋಸಾಫ್ಟ್ ಹಣ ಹೂಡಿ ಈ ತಂತ್ರಾಂಶವನ್ನು ನಿಲ್ಲಿಸಲು ಹೊರಟಾಗ ಜನರೇ ಚಳವಳಿ ಹೂಡಿ ಉಳಿಸಿಕೊಂಡರು. ಕೃತಜ್ಞತೆಗೆಂಬಂತೆ 'ಹಂಗುಲ್' ತಯಾರಿಸುವ ಕಂಪನಿ 10,000 ವಾನ್‌ಗೆ '815' ಆವೃತ್ತಿ ಮಾರಿತು. ಎಚ್‌ಡಬ್ಲ್ಯುಪಿ ಫೈಲಿನ ರಚನೆ ಹೊರಗಿನವರಿಗೆ ಬಹಿರಂಗವಾದದ್ದು 2010ರಲ್ಲಿ. ಲಿಬ್ರೆಆಫೀಸ್ ತಾನಾಗಿ ತೆರೆಯುವುದು ಹಂಗುಲ್ 97ರ ಕಾಲದವನ್ನು. ಹಾಗಾಗಿ ಹಳೇ ದಾಖಲೆಗಳಿಗಾಗಿಯೇ ಕಂಪ್ಯೂಟರು ಇಟ್ಟುಕೊಂಡವರು ಮೂಲ 'ಹಂಗುಲ್' ತಂತ್ರಾಂಶವನ್ನೇ ಇಟ್ಟುಕೊಂಡು, ಅದರಲ್ಲೇ ತೆರೆದು ಯೂನಿಕೋಡ್ ಪಠ್ಯವಾಗಿ ಉಳಿಸುವುದು ಒಳ್ಳೆಯದು. ಪ್ರಾಚೀನ ಕೊರಿಯನ್ ಪಠ್ಯವಿದ್ದರೆ ಮಾತ್ರ ಅಷ್ಟಕ್ಕೇ ನಿಲ್ಲಿಸುವಂತಿಲ್ಲ: ಈಗ ಬಳಕೆ ತಪ್ಪಿದ ಅಕ್ಷರಗಳನ್ನು ಆ ತಂತ್ರಾಂಶ ಯೂನಿಕೋಡಿನ ಖಾಸಗಿ ವಲಯದಲ್ಲಿ ಇಟ್ಟಿತ್ತು, ಅವಕ್ಕೆ ಅಧಿಕೃತ ಬಿಡಿ ಅಕ್ಷರಗಳು ಪೂರ್ತಿಯಾಗಿ ಸಿಕ್ಕಿದ್ದು 2009ರ ಯೂನಿಕೋಡ್ 5.2 ಆವೃತ್ತಿಯಲ್ಲಿ. ಅಂಥ ಫೈಲನ್ನು ಇನ್ನೊಮ್ಮೆ ಪರಿವರ್ತಿಸಿ, ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಬೇಕು.