ಮುಖಕ್ಷೌರದ ಸಾಧನಗಳು

ಮನೆಗೆ ಬೇಕಾದ ಪದಾರ್ಥಗಳನ್ನು ಕೊಳ್ಳುವಾಗ ಗೃಹಸ್ಥನು ತೋರಿಸುವ ಜಾಗರೂಕತೆ ಸಾಮಾನ್ಯವಾದುದಲ್ಲ. ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ ಹಳೆಯದೋ ಹೊಸದೋ ಎಂದು ನೋಡುತ್ತಾನೆ. ಮಣ್ಣಿನ ಕೊಡವನ್ನು ಬೆರಳಿನಿಂದ ಬಡಿದು ಅದರ ನಾದವನ್ನು ಪರೀಕ್ಷಿಸುತ್ತಾನೆ. ಪಂಚೆಯ ನೂಲನ್ನು ಬೆಳಕಿಗೆ ಹಿಡಿಯುತ್ತಾನೆ. ಆದರೆ ದಿನಬೆಳಗಾದರೆ ತನ್ನ ಕೆನ್ನೆಯ ಮೇಲೂ ಕೊರಳಿನ ಮೇಲೂ ಹರಿಯತಕ್ಕ ಅಲಗಿನ ವಿಷಯದಲ್ಲಿ ಮಾತ್ರ ಅವನಿಗೆ ಯಾವ ವಿಚಾರವೂ ಇಲ್ಲ. ಅಂಗಡಿಯವನು ಕೈಗಿತ್ತದ್ದೇ ರೇಜರ್, ಜಾಹೀರಾತಿನಲ್ಲಿ ಕಂಡದ್ದೇ ಸಾಬೂನು. ಇದರ ಫಲವಾಗಿ ಮುಖದಲ್ಲಿ ಉರಿ, ಕೊರಳಿನಲ್ಲಿ ಗುಳ್ಳೆ, ತಿಂಗಳ ಲೆಕ್ಕದಲ್ಲಿ ವೃಥಾ ವ್ಯಯ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನಾನು, ಆಗತಾನೇ ಮೀಸೆ ಮೊಳೆತ ಹುಡುಗರು ಗಲ್ಲದ ಗಾಯಕ್ಕೆ ಕಾಗದದ ಚೂರನ್ನು ಅಂಟಿಸಿಕೊಂಡು ತರಗತಿಗೆ ಬರುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಗಣಿತವನ್ನು ಕಲಿಸಿದವರುಂಟು, ವ್ಯಾಕರಣವನ್ನು ಕಲಿಸಿದವರುಂಟು. ಕ್ಷೌರವನ್ನು ಕಲಿಸಿದವರು ಇರಲಿಲ್ಲ. ತಂದೆಯ ರೇಜರನ್ನು ಗುಟ್ಟಾಗಿ ತೆಗೆದುಕೊಂಡು, ತಣ್ಣೀರಿನಲ್ಲಿ ಮುಖವನ್ನು ಒದ್ದೆಮಾಡಿ, ಅವಸರದಲ್ಲಿ ಮುಗಿಸುವುದೇ ಅವರ ವಿದ್ಯಾಭ್ಯಾಸ. ಅಂತಹ ಮಕ್ಕಳಿರುವ ಮನೆಯವರನ್ನು ಮುಖ್ಯವಾಗಿ ಉದ್ದೇಶಿಸಿ ಈ ಕೆಲವು ಮಾತುಗಳನ್ನು ಬರೆದಿದೆ.

ಪೂರ್ವಿಕರ ಕ್ರಮ

ಕ್ಷೌರವೆಂಬ ಪದವು ಕ್ಷುರಶಬ್ದದಿಂದ ಬಂದುದು. ಕ್ಷುರವೆಂದರೆ ಕೂದಲು ತೆಗೆಯುವ ಕತ್ತಿ. ಋಗ್ವೇದದಲ್ಲಿಯೇ ಈ ಶಬ್ದವುಂಟು. ಕಠೋಪನಿಷತ್ತು ಆತ್ಮಜ್ಞಾನದ ದುರ್ಗಮವಾದ ದಾರಿಯನ್ನು ಕ್ಷುರದ ಧಾರೆಗೆ ಹೋಲಿಸಿದೆ. ಯುವಕನ ಮೊದಲ ಗಡ್ಡದ ಕ್ಷೌರವನ್ನು ಗೃಹ್ಯಸೂತ್ರಗಳು ಗೋದಾನ ಅಥವಾ ಕೇಶಾಂತವೆಂಬ ಸಂಸ್ಕಾರವನ್ನಾಗಿಯೇ ವಿಧಿಸಿ, ಅದಕ್ಕೆ ಹದಿನಾರನೆಯ ವರ್ಷವನ್ನು ಹೇಳಿವೆ. ಈ ಸಂಸ್ಕಾರದಲ್ಲಿಯೂ ಚೌಲದಲ್ಲಿಯೂ ಬಿಸಿನೀರು ತಣ್ಣೀರುಗಳನ್ನು ಬೆರೆಸಿ ಕೂದಲನ್ನು ನೆನೆಯಿಸಿದ ಮೇಲೆಯೇ ಕ್ಷುರವನ್ನು ಮುಟ್ಟಿಸಬೇಕೆಂಬುದು ಕ್ರಮ. ಮಂತ್ರಭಾಗವನ್ನು ಬದಿಗಿಟ್ಟು ನೋಡಿದರೂ ಇದರಲ್ಲಿ ಎರಡು ವಿವೇಕಗಳು ಕಾಣುತ್ತವೆ: ಮೊದಲ ಕ್ಷೌರವು ಹಿರಿಯರ ಸಮ್ಮುಖದಲ್ಲಿ ಆಗತಕ್ಕದ್ದು, ಕೂದಲು ಬೆಚ್ಚನೆಯ ನೀರಿನಲ್ಲಿ ನೆನೆಯದೆ ಕತ್ತಿ ಏಳಕೂಡದು. ಈ ಎರಡನೆಯ ಮಾತೇ ಇಡೀ ಶಾಸ್ತ್ರದ ಸಾರವೆಂದು ಮುಂದೆ ವಾಚಕರಿಗೆ ತಿಳಿಯುವುದು.

ನಮ್ಮ ಹಳ್ಳಿಗಳ ಹನ್ನೆರಡು ಮಂದಿ ಆಯಗಾರರಲ್ಲಿ ಕ್ಷೌರಿಕರೂ ಒಬ್ಬರು. ಅವರು ಹಡಪವನ್ನು ಹಿಡಿದು ಜಗಲಿಗೆ ಬಂದು, ನೀರಿನಿಂದ ಗಡ್ಡವನ್ನು ಬಹಳ ಹೊತ್ತು ತಿಕ್ಕಿ ಮೆತ್ತಗೆ ಮಾಡಿ, ಅನಂತರ ಕತ್ತಿಯನ್ನು ತೆಗೆಯುತ್ತಿದ್ದರು; ಸುಗ್ಗಿಯ ಕಾಲದಲ್ಲಿ ಧಾನ್ಯರೂಪವಾದ ಆಯವನ್ನು ಪಡೆಯುತ್ತಿದ್ದರು. ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವ ಪದ್ಧತಿ ಮನೆಮನೆಗೂ ಬಂದುದು ಹೊಸಬಗೆಯ ರೇಜರಿನ ಆಗಮನದ ತರುವಾಯ. ೧೭೬೯ರಲ್ಲಿ ಫ್ರಾನ್ಸಿನ ಪೆರೆ ಎಂಬ ಕತ್ತಿ ಮಾಡುವ ಕುಶಲಿಯು ಸ್ವಯಂಕ್ಷೌರವನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು. ಅಲಗಿನ ಅಂಚು ಮಾತ್ರ ಹೊರಗೆ ಚಾಚುವಂತೆ ಅದಕ್ಕೆ ಮರದ ಕವಚವನ್ನು ತೊಡಿಸಿದವನೂ ಅವನೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನು, ಮಸೆಯಬೇಕಾಗಿಲ್ಲದೆ ಮೊಂಡಾದೊಡನೆ ಎಸೆಯಬಹುದಾದ ತೆಳ್ಳನೆಯ ಎರಡಂಚಿನ ಬ್ಲೇಡನ್ನು ಮಾರುಕಟ್ಟೆಗೆ ತಂದನು. ಮಾರಾಟದ ಮೊದಲ ವರ್ಷವಾದ ೧೯೦೩ರಲ್ಲಿ ಹೋದದ್ದು ೫೧ ರೇಜರ್‌ಗಳು, ೧೬೮ ಬ್ಲೇಡುಗಳು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರವು ತನ್ನ ಸೈನಿಕರಿಗಾಗಿ ಸುಮಾರು ೩೫ ಲಕ್ಷ ರೇಜರ್‌ಗಳನ್ನು ಕೊಂಡಿತು. ಸೈನ್ಯದಲ್ಲಿ ಕಲಿತ ಅಭ್ಯಾಸವು ಊರಿಗೆ ಮರಳಿದ ಮೇಲೂ ಉಳಿಯಿತು.

ರೇಜರಿನ ಆಯ್ಕೆ

ಈಗ ದೊರೆಯುವ ರೇಜರ್‌ಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಮಡಿಸುವ ಹಿಡಿಯುಳ್ಳ ಉದ್ದನೆಯ ಕ್ಷೌರದ ಕತ್ತಿ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಎಂಬ ಊರುಗಳು ಇದಕ್ಕೆ ಹೆಸರುವಾಸಿಯಾದವು. ಒಂದು ಒಳ್ಳೆಯ ಕತ್ತಿ ಮೂರು ತಲೆಮಾರು ಬಾಳುತ್ತದೆ. ಆದರೆ ಪ್ರತಿಸಲವೂ ಚರ್ಮದ ಪಟ್ಟಿಯ ಮೇಲೆ ಅದನ್ನು ತೀಡಬೇಕು. ಆಗಾಗ್ಗೆ ಸಾಣೆಕಲ್ಲಿಗೆ ಹಚ್ಚಬೇಕು. ಕೈಗೆ ತಿಂಗಳುಗಟ್ಟಲೆ ಅಭ್ಯಾಸವಾಗಬೇಕು. ಬಿಡುವೂ ಆಸಕ್ತಿಯೂ ಉಳ್ಳವರಿಗೆ ಇದು ಶೋಭಿಸುವುದೇ ಹೊರತು, ಕಾಲೇಜಿಗೆ ಓಡುವ ಹುಡುಗನಿಗೆ ಸಲ್ಲದು.

ಎರಡನೆಯದು ಜಿಲೆಟನ ಕಾಲದಿಂದ ಬಂದ ಎರಡಂಚಿನ ರೇಜರ್. ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ಗೃಹಸ್ಥನಿಗೆ ಇದೇ ಉತ್ತಮ. ಕೊಳ್ಳುವಾಗ ನಾಲ್ಕು ಅಂಶಗಳನ್ನು ನೋಡತಕ್ಕದ್ದು. ಮೊದಲನೆಯದಾಗಿ, ಅಲಗಿಗೂ ಕೆಳಗಿನ ಪಟ್ಟಿಗೂ ನಡುವಣ ಸಂದು. ಸಂದು ಕಿರಿದಾಗಿ, ಅಲಗು ಸ್ವಲ್ಪವೇ ಹೊರಚಾಚಿದ್ದರೆ ರೇಜರ್ ಸೌಮ್ಯ, ಹೆಚ್ಚಾಗಿದ್ದರೆ ತೀಕ್ಷ್ಣ. ಹೊಸಬರಿಗೆ ಸೌಮ್ಯವಾದದ್ದೇ ಇರಲಿ. ಎರಡನೆಯದಾಗಿ, ಬಾಚಣಿಗೆಯಂತೆ ಹಲ್ಲುಳ್ಳ ಪಟ್ಟಿ ಹಲವು ದಿನ ಬೆಳೆದ ಗಡ್ಡಕ್ಕೆ ಅನುಕೂಲ. ದಿನವಹಿ ಕ್ಷೌರಕ್ಕೆ ಹಲ್ಲಿಲ್ಲದ ಸಮಪಟ್ಟಿಯೇ ಸಾಕು. ಮೂರನೆಯದಾಗಿ, ಲೋಹ. ಹಿತ್ತಾಳೆಗೆ ಕ್ರೋಮಿಯಂ ಲೇಪ ಕೊಟ್ಟದ್ದು ಅಥವಾ ತುಕ್ಕುಹಿಡಿಯದ ಉಕ್ಕಿನದು ಬಾಳಿಕೆಯುಳ್ಳದ್ದು; ಸತುವಿನ ಮಿಶ್ರಲೋಹದ ಅಗ್ಗದ ರೇಜರ್ ಕೆಳಗೆ ಬಿದ್ದರೆ ತಿರುಪಿನ ಬಳಿ ಮುರಿಯುವುದುಂಟು. ನಾಲ್ಕನೆಯದಾಗಿ, ತೂಕ. ರೇಜರ್ ತನ್ನ ತೂಕದಿಂದಲೇ ಕೆಲಸ ಮಾಡಬೇಕು, ಕೈಯ ಒತ್ತಡದಿಂದಲ್ಲ. ತಿರುಪನ್ನು ಬಿಚ್ಚಿ ಮೂರು ಭಾಗವಾಗಿಸುವ ಮಾದರಿಯು ತೊಳೆಯಲು ಸುಲಭ, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ.

ಮೂರನೆಯ ವರ್ಗವು ಹಲವು ಅಲಗುಗಳ ಕಾರ್ಟ್ರಿಜ್. ೧೯೭೧ರಲ್ಲಿ ಎರಡು ಅಲಗು, ೧೯೯೮ರಲ್ಲಿ ಮೂರು, ೨೦೦೬ರಲ್ಲಿ ಐದು, ಹೀಗೆ ಅಲಗುಗಳ ಸಂಖ್ಯೆಯು ಬೆಳೆಯಿತು. ಮೊದಲ ಅಲಗು ಕೂದಲನ್ನು ಎಳೆದು, ಅದು ಒಳಸೇರುವುದರೊಳಗೆ ಮುಂದಿನ ಅಲಗು ಕೊಯ್ಯಬೇಕೆಂಬುದು ಇದರ ತತ್ತ್ವ. ಕೆನ್ನೆಯು ನುಣುಪಾಗುವುದೇನೋ ನಿಜ. ಆದರೆ ಗುಂಗುರುಗಡ್ಡದವರಲ್ಲಿ ಚರ್ಮದ ಮಟ್ಟಕ್ಕಿಂತ ಕೆಳಗೆ ಕೊಯ್ದ ಕೂದಲು ಒಳಗೇ ತಿರುಚಿ ಬೆಳೆದು ಕೀವುಗುಳ್ಳೆಯಾಗುತ್ತದೆ. ವ್ಯಯದ ವಿಚಾರವೂ ಅಲಕ್ಷ್ಯಕ್ಕೆ ಅರ್ಹವಲ್ಲ: ಎರಡಂಚಿನ ಬ್ಲೇಡು ಕೆಲವೇ ರೂಪಾಯಿಗಳಿಗೆ ದೊರೆತರೆ, ಬಹ್ವಲಗಿನ ಕಾರ್ಟ್ರಿಜ್ ಒಂದಕ್ಕೆ ನೂರಕ್ಕೂ ಮೇಲ್ಪಟ್ಟು ತೆರಬೇಕಾಗುತ್ತದೆ. ಇದೇ ಜಿಲೆಟ್ ಸಂಸ್ಥೆಯು ೨೦೧೦ರಲ್ಲಿ ನಮ್ಮ ದೇಶಕ್ಕಾಗಿ, ನಲ್ಲಿಯಿಲ್ಲದೆ ಬಟ್ಟಲು ನೀರಿನಲ್ಲಿ ಕ್ಷೌರಮಾಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೇ ಅಲಗಿನ ಅಗ್ಗದ ರೇಜರನ್ನು ಹೊರತಂದಿತು. ಒಂದು ಅಲಗು ಸಾಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಬ್ಲೇಡು

ಎರಡಂಚಿನ ಬ್ಲೇಡುಗಳೆಲ್ಲ ಒಂದೇ ಅಳತೆಯವು. ಯಾವ ರೇಜರಿಗೆ ಯಾವುದನ್ನಾದರೂ ಹಾಕಬಹುದು. ಆದರೆ ಹರಿತವೂ ಲೇಪವೂ ಬೇರೆಬೇರೆ. ಆದುದರಿಂದ ಮೂರು ನಾಲ್ಕು ಬಗೆಯ ಚಿಕ್ಕ ಪೊಟ್ಟಣಗಳನ್ನು ತಂದು, ಒಂದೊಂದನ್ನು ಒಂದು ವಾರ ಪರೀಕ್ಷಿಸಿ, ತನ್ನ ಚರ್ಮಕ್ಕೆ ಒಗ್ಗಿದ್ದನ್ನು ಇಟ್ಟುಕೊಳ್ಳುವುದು ಜಾಣತನ.

ಕೂದಲಿಗಿಂತ ಸುಮಾರು ಐವತ್ತು ಪಾಲು ಗಡುಸಾದ ಉಕ್ಕು ಕೂದಲಿನಿಂದಲೇ ಮೊಂಡಾಗುವುದೇಕೆ? ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸಂಶೋಧಕರು ೨೦೨೦ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಕೂದಲು ಬಾಗಿ ಅಲಗಿಗೆ ಓರೆಯಾಗಿ ತಗುಲಿದಾಗ, ಉಕ್ಕಿನ ರಚನೆ ಸಮನಾಗಿಲ್ಲದ ಕಡೆ ಅಂಚಿನಿಂದ ಅತಿಸೂಕ್ಷ್ಮವಾದ ಚಕ್ಕೆಗಳು ಏಳುತ್ತವಂತೆ. ಅಲಗು ಸವೆಯುವುದಕ್ಕಿಂತ ಹೆಚ್ಚಾಗಿ ಹಲ್ಲುಮುರಿಯುತ್ತದೆ. ಆದಕಾರಣ ನಾಲ್ಕೈದು ಸಲದ ಮೇಲೆ, ಅಥವಾ ಅದಕ್ಕೂ ಮೊದಲೇ ಕೂದಲನ್ನು ಎಳೆದಂತೆ ತೋರಿದೊಡನೆ, ಬ್ಲೇಡನ್ನು ಬದಲಾಯಿಸತಕ್ಕದ್ದು. ಅಂಚನ್ನು ಬಟ್ಟೆಯಿಂದ ಒರೆಸಲಾಗದು. ನೀರಿನಲ್ಲಿ ಅಲುಗಿಸಿ ಆರಗೊಟ್ಟರೆ ಸಾಕು.

ಬ್ರಷ್ಷು

ಸಂಸ್ಕೃತದಲ್ಲಿ ಕೂರ್ಚಶಬ್ದಕ್ಕೆ ದರ್ಭೆಯ ಕಟ್ಟು, ಕುಂಚ ಎಂಬ ಅರ್ಥಗಳೂ ಗಡ್ಡವೆಂಬ ಅರ್ಥವೂ ಇವೆ. ಗಡ್ಡಕ್ಕೂ ಬ್ರಷ್ಷಿಗೂ ಒಂದೇ ಹೆಸರಿರುವುದು ಆಕಸ್ಮಿಕವಾದರೂ ಸೊಗಸಾಗಿದೆ. ಬ್ರಷ್ಷಿನ ಕೆಲಸ ಮೂರು: ನೊರೆಯನ್ನು ಕಡೆಯುವುದು, ಕೂದಲನ್ನು ಎಬ್ಬಿಸುವುದು, ಬೆಚ್ಚನೆಯ ನೀರನ್ನು ಕೂದಲಿನ ಬುಡಕ್ಕೆ ಮುಟ್ಟಿಸುವುದು. ಬೆರಳಿನಿಂದ ಬಳಿದ ನೊರೆ ಈ ಮೂರನ್ನೂ ಮಾಡದು.

ಯೂರೋಪಿನವರು ಹೆಚ್ಚಾಗಿ ಮೆಚ್ಚುವುದು ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿಯ ಕೂದಲನ್ನು. ಅದು ಮೃದು, ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ, ಬೆಲೆಯೂ ಹೆಚ್ಚು. ಹಂದಿಯ ಕೂದಲಿನದು ಬಿರುಸು. ಪ್ರತಿಸಲವೂ ಕೆಲವು ನಿಮಿಷ ನೆನೆಯಬೇಕು, ಬಳಸುತ್ತ ಬಳಸುತ್ತ ತುದಿ ಸೀಳಿ ಮೆತ್ತಗಾಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸೋಂಕು ಕಳೆಯದ ಕುದುರೆಕೂದಲಿನ ಬ್ರಷ್ಷುಗಳಿಂದ ಇಂಗ್ಲೆಂಡ್ ಅಮೆರಿಕಗಳಲ್ಲಿ ಆಂಥ್ರಾಕ್ಸ್ ಎಂಬ ದನಕರುಗಳ ಮಾರಕರೋಗವು ಮನುಷ್ಯರಿಗೆ ಅಂಟಿ, ಜನರು ಸತ್ತದ್ದುಂಟು. ಈಗ ಕೂದಲನ್ನು ಶುದ್ಧಿಮಾಡುವ ನಿಯಮಗಳಿವೆಯಾದರೂ, ಹೆಸರಿಲ್ಲದ ಅಗ್ಗದ ಮಾಲನ್ನು ಕೊಳ್ಳದಿರುವುದೇ ಲೇಸು.

ಪ್ರಾಣಿಗಳ ಕೂದಲು ಮುಖಕ್ಕೆ ಸಲ್ಲದೆಂಬ ಆಚಾರವಂತರಿಗೂ, ಮಿತವ್ಯಯದವರಿಗೂ ಕೃತಕ ನೂಲಿನ ಬ್ರಷ್ಷೇ ಉಚಿತ. ಅದನ್ನು ನೆನೆಯಿಸಬೇಕಾಗಿಲ್ಲ, ಬೇಗ ಒಣಗುತ್ತದೆ, ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿಯೂ ಬೂಷ್ಟು ಹಿಡಿಯುವ ಭಯ ಕಡಿಮೆ. ಯಾವ ಬ್ರಷ್ಷೇ ಆಗಲಿ, ತೊಳೆದು, ಕೊಡವಿ, ಗಾಳಿಯಾಡುವ ಕಡೆ ಇಡಬೇಕು. ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿಡಬಾರದು.

ಸಾಬೂನು ಮತ್ತು ನೀರು

ಸ್ನಾನದ ಸಾಬೂನಿನಿಂದ ಕ್ಷೌರ ಮಾಡಿಕೊಳ್ಳುವವರು ಬಹುಮಂದಿ. ಅದು ಸೋಡಾಕ್ಷಾರದ ಸಾಬೂನು. ನೊರೆ ಬೇಗನೆ ಏಳುತ್ತದೆ, ಅಷ್ಟೇ ಬೇಗನೆ ಒಣಗುತ್ತದೆ. ಕ್ಷೌರದ ಸಾಬೂನಿನಲ್ಲಿ ಸ್ಟಿಯರಿಕ್ ಆಮ್ಲವೂ ಪೊಟ್ಯಾಶ್‌ಕ್ಷಾರವೂ ಹೆಚ್ಚಾಗಿರುವುದರಿಂದ ನೊರೆಯು ದಟ್ಟವಾಗಿ ಬಹಳ ಹೊತ್ತು ನಿಲ್ಲುತ್ತದೆ. ಗ್ಲಿಸರಿನ್ ಸೇರಿದ್ದರೆ ಚರ್ಮ ಒಣಗದು. ಬಿಲ್ಲೆಯ ಸಾಬೂನು ಬಹುಕಾಲ ಬರುತ್ತದೆ. ಕೊಳವೆಯಲ್ಲಿ ಬರುವ ಕ್ರೀಮು ಹೊಸಬರಿಗೆ ಸುಲಭ. ಕೆಲವು ಸಾಬೂನುಗಳಲ್ಲಿ ದನ ಕುರಿಗಳ ಕೊಬ್ಬು ಸೇರಿರುತ್ತದೆ. ಘಟಕಗಳ ಪಟ್ಟಿಯಲ್ಲಿ ‘ಟ್ಯಾಲೋ’ ಎಂಬ ಅಕ್ಷರಗಳು ಕಂಡರೆ ಅದೇ ಗುರುತು. ಬೇಡವೆನ್ನುವವರು ಓದಿ ಕೊಳ್ಳಬೇಕು. ಪರಿಮಳಕ್ಕೆ ಮರುಳಾಗುವುದೂ ಬೇಡ. ೧೯೧೬ರಲ್ಲಿಯೇ ಗಂಧದೆಣ್ಣೆಯನ್ನು ಭಟ್ಟಿಯಿಳಿಸತೊಡಗಿದ ನಾಡು ನಮ್ಮದು. ಡಬ್ಬಿಯ ಮೇಲೆ ಗಂಧದ ಹೆಸರಿದ್ದ ಮಾತ್ರಕ್ಕೆ ಒಳಗೆ ಶ್ರೀಗಂಧದೆಣ್ಣೆಯೇ ಇರಬೇಕೆಂಬ ನಿಯಮವಿಲ್ಲವೆಂದು ನಮಗೆ ತಿಳಿದಿರಬೇಕು. ಮುಖ ಉರಿಯುವವರು ಪರಿಮಳವಿಲ್ಲದ್ದನ್ನೇ ಆರಿಸಲಿ.

ಸಾಬೂನು ನೊರೆಗಟ್ಟದಿದ್ದರೆ ಹಲವು ವೇಳೆ ದೋಷವು ನೀರಿನದು. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನನ್ನು ಒಡೆದು ಬಿಳಿಯ ಕಿಟ್ಟವನ್ನಾಗಿ ಮಾಡುತ್ತದೆ. ಒಂದು ಬಟ್ಟಲು ಮಳೆನೀರನ್ನೋ, ಕುದಿಸಿ ಆರಿಸಿ ತಿಳಿಯನ್ನು ಬಸಿದುಕೊಂಡ ನೀರನ್ನೋ ಬಳಸಿದರೆ ವ್ಯತ್ಯಾಸವು ಅಂದೇ ತಿಳಿಯುತ್ತದೆ.

ಕ್ರಮ

ಸ್ನಾನವಾದ ಕೂಡಲೆ ಕ್ಷೌರ ಮಾಡಿಕೊಂಡರೆ ಕೂದಲು ತಾನಾಗಿಯೇ ನೆನೆದಿರುತ್ತದೆ. ಕ್ಷೌರದ ಮೇಲೆ ಸ್ನಾನವೆಂಬುದು ನಮ್ಮ ಮನೆಗಳ ಪದ್ಧತಿಯಾದುದರಿಂದ, ಅದನ್ನು ಬಿಡಲೊಪ್ಪದವರು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ವಸ್ತ್ರವನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿಕೊಳ್ಳಲಿ. ಅನಂತರ ಬ್ರಷ್ಷಿನಿಂದ ಒಂದು ನಿಮಿಷ ನೊರೆಯನ್ನು ತೀಡಬೇಕು. ರೇಜರನ್ನು ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿಗಳ ಓರೆಯಲ್ಲಿ ಹಿಡಿದು, ಒತ್ತದೆ, ಚಿಕ್ಕ ಚಿಕ್ಕ ಎಳೆತಗಳಿಂದ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯತಕ್ಕದ್ದು. ಕೊರಳಿನಲ್ಲಿ ಈ ದಿಕ್ಕು ಬದಲಾಗುವುದುಂಟು. ಬೆರಳಾಡಿಸಿ ಮೊದಲೇ ತಿಳಿದುಕೊಳ್ಳಬೇಕು. ಇನ್ನೂ ನುಣುಪು ಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಒಂದು ಸಲ. ಎದುರುಬದುರಾಗಿ ಎಳೆಯುವುದು ಹೊಸಬರಿಗೆ ಬೇಡವೇ ಬೇಡ. ಕಡೆಯಲ್ಲಿ ತಣ್ಣೀರಿನಿಂದ ತೊಳೆದು, ಒದ್ದೆಮಾಡಿದ ಪಟಿಕದ ಕಲ್ಲನ್ನು ಒಮ್ಮೆ ಸವರಿದರೆ ಸಣ್ಣ ಗೀರುಗಳ ರಕ್ತವು ನಿಲ್ಲುತ್ತದೆ.

ಕೆಲವು ಎಚ್ಚರಿಕೆಗಳು

ಮನೆಯಲ್ಲಿ ರೇಜರ್ ಎಷ್ಟು ಮಂದಿಗೋ ಅಷ್ಟಿರಬೇಕು. ತಂದೆ ಮಕ್ಕಳು, ಅಣ್ಣ ತಮ್ಮಂದಿರು ಎಂಬ ಸಲಿಗೆ ಇಲ್ಲಿ ಸಲ್ಲದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ‘ಬಿ’ ಎಂಬ ಯಕೃತ್ತಿನ ರೋಗವು ಹರಡಬಲ್ಲದು. ಅದರ ವಿಷಾಣುವು ಶರೀರದ ಹೊರಗೆ ಏಳು ದಿನಗಳವರೆಗೂ ಜೀವಂತವಾಗಿರುತ್ತದೆ. ಕ್ಷೌರದ ಅಂಗಡಿಯಲ್ಲಿಯೂ ಹೊಸ ಬ್ಲೇಡನ್ನು ತಮ್ಮೆದುರಿಗೇ ಹಾಕಿಸಿಕೊಳ್ಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಕೈ ನಡುಗುವ ವೃದ್ಧರಿಗೂ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೂ ಎರಡಂಚಿನ ರೇಜರನ್ನು ಒತ್ತಾಯಿಸಬಾರದು. ಅವರಿಗೆ ವಿದ್ಯುತ್ತಿನ ಕ್ಷೌರಯಂತ್ರವೇ ಸುರಕ್ಷಿತ. ಹಾಸಿಗೆ ಹಿಡಿದ ತಂದೆಯ ಗಡ್ಡವನ್ನು ವಾರಕ್ಕೆರಡು ಸಲ ಮಗನೋ ಮಗಳೋ ಬಿಸಿನೀರು ಹಿಡಿದು ತೆಗೆದುಕೊಟ್ಟರೆ, ಆ ವೃದ್ಧನ ಮುಖಕ್ಕೆ ಬರುವ ಗೆಲುವನ್ನು ಯಾವ ಔಷಧವೂ ತಾರದು.

ಹಳೆಯ ಬ್ಲೇಡುಗಳನ್ನು ಕಿಟಕಿಯಲ್ಲಿ ಇಡುವುದು, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುವುದು ಮಹಾಪರಾಧ. ಆ ಕಸವನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರ ಬೆರಳುಗಳು ನಮ್ಮ ಬೆರಳುಗಳಂತೆಯೇ ರಕ್ತಮಾಂಸಗಳವು. ಒಂದು ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ, ಬಳಸಿದ ಬ್ಲೇಡುಗಳನ್ನು ಅದರೊಳಕ್ಕೆ ಇಳಿಸುತ್ತ ಬಂದರೆ, ಡಬ್ಬಿ ತುಂಬಲು ವರ್ಷಗಳೇ ಹಿಡಿಯುತ್ತವೆ. ತುಂಬಿದ ಮೇಲೆ ಸೀಳನ್ನು ಮುಚ್ಚಿ, ಒಳಗೇನಿದೆಯೆಂದು ಮೇಲೆ ಬರೆದು, ಕಸ ಒಯ್ಯುವವರಿಗೆ ತಿಳಿಸಿಯೇ ಕೊಡಬೇಕು.

ಮನೆಯ ಹುಡುಗನಿಗೆ ಮೀಸೆ ಮೊಳೆತ ವರ್ಷ, ಅವನದೇ ಆದ ಒಂದು ಸೌಮ್ಯವಾದ ರೇಜರ್, ಒಂದು ಬ್ರಷ್ಷು, ಒಂದು ಬಿಲ್ಲೆ ಸಾಬೂನುಗಳನ್ನು ತಂದುಕೊಟ್ಟು, ಭಾನುವಾರದ ಬೆಳಗ್ಗೆ ಅರ್ಧಗಂಟೆ ಅವನ ಪಕ್ಕದಲ್ಲಿ ನಿಂತು ತೋರಿಸಿಕೊಡಿರಿ. ವಸ್ತುಗಳಿಗೆ ಆಗುವ ವೆಚ್ಚ ಸ್ವಲ್ಪ. ಆ ಅರ್ಧಗಂಟೆಯ ಉಪದೇಶವು ಅವನ ಬಾಳಿನುದ್ದಕ್ಕೂ ಉಳಿಯುವುದು.