ಲಕ್ವ ಎಂಬ ಮಾತು

ಕೆಲವು ವರ್ಷಗಳ ಹಿಂದಿನ ಮಾತು. ಔರಾದ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಭಾವನವರು ಬೆಳಗಿನ ಚಹ ಕುಡಿಯುತ್ತ ಕುಳಿತಿದ್ದಾಗ ಬಲಗೈಯ ಬಟ್ಟಲು ತಾನಾಗಿ ಜಾರಿಬಿದ್ದಿತು. ಕೈ ಜೋಮು ಹಿಡಿದಂತಾಗಿ ಕಾಲೂ ಸೋತಿತು, ನಾಲಗೆ ತೊದಲಿತು. ನೋವೆಂಬುದಿಲ್ಲ. ಕಾಲು ಗಂಟೆಯೊಳಗೆ ಎಲ್ಲವೂ ಮೊದಲಿನಂತಾಯಿತು. ಅವರು ಮಧ್ಯಾಹ್ನ ಹೊಲಕ್ಕೂ ಹೋಗಿಬಂದರು. 'ಗಾಳಿ ಸೋಕಿತ್ತು, ಹೋಯಿತು' ಎಂದು ಮನೆಯವರು ಸಮಾಧಾನ ತಂದುಕೊಂಡರು. ಮರುದಿನ ಬೆಳಗಿನ ಊಟದ ಹೊತ್ತಿಗೆ ಬಲಭಾಗವೆಲ್ಲ ಬಿದ್ದುಹೋಯಿತು. ನೋಡಲು ಬಂದವರೆಲ್ಲ ಆಡಿದ್ದು ಒಂದೇ ಮಾತು: 'ಲಕ್ವ ಹೊಡೆದಿದೆ.' ಎಣ್ಣೆ ತಿಕ್ಕುವವರು ಬಂದರು. ಪಾರಿವಾಳದ ರಕ್ತ ಹಚ್ಚಬೇಕೆಂದವರೂ ಇದ್ದರು. ಬೀದರ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು.

ಆ ಲಕ್ವ ಎಂಬ ಶಬ್ದವನ್ನೇ ತುಸು ವಿಚಾರಿಸೋಣ. ಅದು ಅರಬ್ಬಿ ಮೂಲದ್ದು. ಉರ್ದುವಿನ ಮೂಲಕ ನಮ್ಮ ಸೀಮೆಯ ಕನ್ನಡಕ್ಕೆ ಬಂದದ್ದು. ಯೂನಾನಿ ವೈದ್ಯರಿಗೆ ಲಕ್ವವೆಂದರೆ ಮುಖ ಸೊಟ್ಟಗಾಗುವ ರೋಗ. ಅರ್ಧ ದೇಹ ಬೀಳುವುದಕ್ಕೆ ಅವರು 'ಫಾಲಿಜ್' ಎನ್ನುತ್ತಾರೆ; ಎರಡಾಗಿ ಸೀಳುವುದೆಂಬುದು ಅದರ ಧಾತ್ವರ್ಥ. ಆಯುರ್ವೇದದಲ್ಲಿಯೂ ಅರ್ದಿತ ಬೇರೆ, ಪಕ್ಷಾಘಾತ ಬೇರೆ. ಶಾಸ್ತ್ರಗಳು ಬೇರ್ಪಡಿಸಿದ್ದನ್ನು ಆಡುಮಾತು ಒಂದುಗೂಡಿಸಿತು. ಭಾಷೆಯ ದೃಷ್ಟಿಯಿಂದ ಇದು ಸಣ್ಣ ಸಂಗತಿ, ಅರ್ಥವಿಸ್ತಾರವೆಂದು ನಾವು ತರಗತಿಯಲ್ಲಿ ಹೇಳಿ ಮುಂದೆ ಸಾಗುವಂಥದು. ರೋಗಿಗೆ ಮಾತ್ರ ಅದು ಸಣ್ಣದಲ್ಲ. ಏಕೆಂದರೆ ಮುಖದ ನರ ಒಂದೇ ಸೋತಾಗ ಬರುವ ಲಕ್ವ ಬಹುಮಂದಿಗೆ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎಣ್ಣೆಗೂ ಪಾರಿವಾಳಕ್ಕೂ ಕೀರ್ತಿ ಬಂದದ್ದು ಹೀಗೆ. ಆ ಕೀರ್ತಿಯನ್ನು ನಂಬಿ ನಾವು ಫಾಲಿಜ್ ಆದವನನ್ನೂ ಮನೆಯಲ್ಲಿ ಮಲಗಿಸುತ್ತೇವೆ.

ಮುಖದ ನರದ ರೋಗದಲ್ಲಿ ಆ ಬದಿಯ ಹಣೆ ಸುಕ್ಕುಗಟ್ಟದು, ಕಣ್ಣು ಪೂರ್ತಿ ಮುಚ್ಚದು, ಕೈಕಾಲು ಗಟ್ಟಿಯಾಗಿರುತ್ತವೆ. ಮಿದುಳಿನ ಆಘಾತದಲ್ಲಿ ಸಾಮಾನ್ಯವಾಗಿ ಹಣೆ ಆಡುತ್ತದೆ. ಬಾಯಿಯ ಮೂಲೆ ಜೋಲುತ್ತದೆ, ತೋಳು ಸೋಲುತ್ತದೆ, ಮಾತು ಕೆಡುತ್ತದೆ. ಇದನ್ನು ತೀರ್ಮಾನಿಸಬೇಕಾದವರು ವೈದ್ಯರು. ಮನೆಯವರು ರೋಗಿಯನ್ನು ನಗಿಸಿ, ಎರಡೂ ತೋಳೆತ್ತಿಸಿ, ಒಂದು ವಾಕ್ಯ ಆಡಿಸಿ ನೋಡಿದರೆ ಸಾಕು. ಒಂದರಲ್ಲಿ ತಪ್ಪಿದರೂ ಹೊರಡಬೇಕು.

ನಾವು ಪಾರ್ಶ್ವವಾಯು ಎನ್ನುತ್ತೇವೆ, ಭಾಲ್ಕಿಯ ಕಡೆ ಮರಾಠಿ ಆಡುವವರು ಅರ್ಧಾಂಗವಾಯು ಎನ್ನುತ್ತಾರೆ. ಎರಡರಲ್ಲಿಯೂ ವಾಯುವಿದೆ. ನಿಜದಲ್ಲಿ ಕೆಟ್ಟಿರುವುದು ರಕ್ತದ ಹಾದಿ. ಮಿದುಳಿನೊಳಗೆ ರಕ್ತ ಸುರಿದು ಮನುಷ್ಯ ಕುಸಿಯುವುದನ್ನು ಸ್ವಿಟ್ಜರ್‌ಲೆಂಡಿನ ವೇಪ್ಫರ್ ಎಂಬ ವೈದ್ಯ ಶವಪರೀಕ್ಷೆಯಿಂದ ಕಂಡು 1658ರಲ್ಲಿ ಗ್ರಂಥವಾಗಿ ಬರೆದ. ನಾಳ ಒಡೆಯುವುದಕ್ಕಿಂತ ಹೆಪ್ಪು ಸಿಕ್ಕಿ ಮುಚ್ಚಿಕೊಳ್ಳುವುದೇ ಹೆಚ್ಚು. ಮಿದುಳಿನ ಎಡಭಾಗ ಕೆಟ್ಟರೆ ಬಲಗೈ ಬೀಳುತ್ತದೆ, ಅನೇಕ ವೇಳೆ ಮಾತೂ ಹೋಗುತ್ತದೆ. ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ತಾಳತಪ್ಪಿದ ಹೃದಯದ ಬಡಿತ, ಇವು ಇದನ್ನು ಕರೆತರುವ ಮುಖ್ಯ ಕಾರಣಗಳು.

ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಸಿ.ಟಿ. ಚಿತ್ರ ಬೇಕು, ನಾಳ ಒಡೆದಿದ್ದರೆ ಅದೇ ಮದ್ದು ಪ್ರಾಣ ತೆಗೆದೀತು. ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದೆಂಬುದೂ ಇದಕ್ಕಾಗಿಯೇ. ನುಂಗಲು ಬಾರದ ಬಾಯಿಗೆ ನೀರನ್ನೂ ಹಾಕಬಾರದು. ಔರಾದದಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಕ್ಕೆ ಸುಮಾರು 40 ಕಿಲೋಮೀಟರು. 108ಕ್ಕೆ ಕರೆಮಾಡಿದರೆ ವಾಹನ ಬರುತ್ತದೆ. ಭಾವನವರ ಹೊತ್ತು ಕಳೆದುಹೋದದ್ದು ಆ ಹಾದಿಯಲ್ಲಲ್ಲ, ಪಡಸಾಲೆಯಲ್ಲಿ.

ಮೊದಲ ದಿನದ ಆ ಕಾಲು ಗಂಟೆಯೂ ಇದೇ ರೋಗವೆಂದು ವೈದ್ಯರು ಆಮೇಲೆ ತಿಳಿಸಿದರು. ಹೆಪ್ಪು ಬಂದು ತಾನೇ ಸರಿದುಹೋಗಿತ್ತು. ಹಾಗೆ ಬಂದುಹೋದ ಮೇಲಿನ ಎರಡು ದಿನಗಳಲ್ಲಿಯೇ ಅಪಾಯ ಹೆಚ್ಚು. ಅಂದು ಬೀದರಕ್ಕೆ ಹೋಗಬೇಕಾಗಿದ್ದವರು ಹೊಲಕ್ಕೆ ಹೋಗಿದ್ದರು. ಹೋಗಬೇಡಿರೆಂದು ಹೇಳುವಷ್ಟು ತಿಳಿವಳಿಕೆ, ಫೋನಿನಲ್ಲಿ ಸುದ್ದಿ ಕೇಳಿದ ನನಗೂ ಇರಲಿಲ್ಲ.

ಭಾವನವರಿಗೆ ಮಾತು ಅರ್ಧದಷ್ಟು ಮರಳಿತು. ಬಲಗೈ ಮರಳಲಿಲ್ಲ. ಚಹದ ಬಟ್ಟಲನ್ನು ಎಡಗೈಯಲ್ಲಿ ಹಿಡಿಯಲು ಕಲಿತರು.