ನೋವಿನ ಕೆಳಗೆ ಕೂತ ಗಾಯದ ಕಲೆ

“ಮುಟ್ಟು ಅಂದಮೇಲೆ ಹೊಟ್ಟೆನೋವು ಇದ್ದದ್ದೇ, ಒಂದು ಹೆರಿಗೆ ಆದರೆ ಸರಿಹೋಗುತ್ತೆ.” ಈ ಮಾತು ಹೇಳದ ಮನೆ ನಮ್ಮಲ್ಲಿ ಕಡಿಮೆ. ಅಡಿನೊಮಯೋಸಿಸ್ ಎಂಬ ಗರ್ಭಕೋಶದ ಕಾಯಿಲೆ ಇದನ್ನು ತಲೆಕೆಳಗು ಮಾಡುತ್ತದೆ. ಇದು ಹೆಚ್ಚಾಗಿ ಪತ್ತೆಯಾಗುವುದೇ ಮಕ್ಕಳನ್ನು ಹೆತ್ತು, ಮೂವತ್ತೈದು ದಾಟಿದವರಲ್ಲಿ. ಸ್ಕ್ಯಾನಿಂಗ್ ಸುಧಾರಿಸಿದಂತೆ ಹೆರದ ಹುಡುಗಿಯರಲ್ಲೂ ಕಾಣಿಸುತ್ತಿದೆ, ಆ ಮಾತು ಬೇರೆ.

ಗರ್ಭಕೋಶದ ಒಳಪದರ ತಿಂಗಳಿಗೊಮ್ಮೆ ಕಳಚಿ ಹೊರಹೋಗಬೇಕು. ಅಡಿನೊಮಯೋಸಿಸ್‌ನಲ್ಲಿ ಅಂಥದೇ ಅಂಗಾಂಶ ಸ್ನಾಯುವಿನ ಗೋಡೆಯೊಳಗೆ ಸೇರಿಕೊಂಡು ಅಲ್ಲೂ ರಕ್ತ ಒಸರುತ್ತದೆ. ಆದರೆ ಹೊರಬರಲು ದಾರಿಯಿಲ್ಲ. ದೇಹದ ಲೆಕ್ಕದಲ್ಲಿ ಅದೊಂದು ಗಾಯ. ಪ್ಲೇಟ್‌ಲೆಟ್‌ಗಳು ಧಾವಿಸುತ್ತವೆ, ಟಿಜಿಎಫ್-ಬೀಟಾ ಎಂಬ ಪ್ರೋಟೀನು ದುರಸ್ತಿಗೆ ಕರೆ ಕೊಡುತ್ತದೆ, ಕೊಲಾಜೆನ್ ನಾರು ತುಂಬಿಕೊಳ್ಳುತ್ತದೆ. ಬೆರಳು ಕೊಯ್ದುಕೊಂಡರೆ ಒಮ್ಮೆ ಮಾಯ್ದು ಮುಗಿಯಿತು. ಇಲ್ಲಿ ಮಾಯುವಷ್ಟರಲ್ಲಿ ಮುಂದಿನ ಮುಟ್ಟು! ಕಲೆಯ ಮೇಲೆ ಕಲೆ ಕೂತು ಗೋಡೆ ಗಡುಸಾಗುತ್ತದೆ. ಇದೇ ಫೈಬ್ರೋಸಿಸ್. ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ನಾಯು ಕೆಂಪು, ನಾರು ನೀಲಿ; ಕೆಂಪನ್ನು ಸೀಳಿಕೊಂಡು ನೀಲಿ ಎಳೆಗಳು ಹಬ್ಬಿರುತ್ತವೆ.

ಗಡುಸುತನ ಅಳೆಯುವ ಎಲಾಸ್ಟೊಗ್ರಫಿ ಸ್ಕ್ಯಾನ್ ಬಳಸಿ ಶಾಂಘೈನ ಸಂಶೋಧಕರು ನೋಡಿದಾಗ, ಗರ್ಭಕೋಶ ಗಡುಸಾದಷ್ಟೂ ಮುಟ್ಟಿನ ನೋವು ಹೆಚ್ಚಿತ್ತು. ನೋವಿಗೆ ನಾರೊಂದೇ ಕಾರಣವಲ್ಲ. ಸ್ನಾಯುವನ್ನು ಹಿಂಡುವ ಪ್ರೋಸ್ಟಾಗ್ಲಾಂಡಿನ್‌ನ ಪಾಲೂ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೆಫೆನಾಮಿಕ್ ಆಸಿಡ್ ಮಾತ್ರೆ ತಡೆಯುವುದು ಇದನ್ನೇ. ಕಟ್ಟಿಕೊಂಡ ನಾರನ್ನು ಅದು ಕರಗಿಸದು. ಡೈನೋಜೆಸ್ಟ್ ಎಂಬ ಹಾರ್ಮೋನು ಮಾತ್ರೆಯೋ, ಕಾಪರ್-ಟಿಯಂತೆ ಕಂಡರೂ ಹಾರ್ಮೋನು ಬಿಡುವ ಸಾಧನವೋ ತಿಂಗಳ ರಕ್ತಸ್ರಾವವನ್ನೇ ತಗ್ಗಿಸುತ್ತವೆ. ಹಾಗಾಗಿ ನಾರು ಬೆಳೆಯುವ ಮುನ್ನ ಶುರುಮಾಡುವುದೇ ಜಾಣತನ ಎಂಬುದು ನನ್ನ ಅಂಬೋಣ.

ವಿಯೆನ್ನಾದ ರೊಕಿಟಾನ್‌ಸ್ಕಿ 1860ರಲ್ಲೇ ವಿವರಿಸಿದ ಕಾಯಿಲೆಯಿದು. ಆದರೂ ನೂರು ವರ್ಷಕ್ಕೂ ಮೀರಿ, ಗರ್ಭಕೋಶ ಕೊಯ್ದು ತೆಗೆದ ಮೇಲಷ್ಟೇ ಖಚಿತವಾಗುತ್ತಿತ್ತು. ಈಗ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್, ಎಂಆರ್‌ಐ ಸಾಕು. ಹೀಗಿದ್ದೂ “ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ” ಎಂಬ ಸಲಹೆಗೆ ಬರವಿಲ್ಲ. ಕೆಲವರಿಗೆ ಅದೇ ಕೊನೆಯ ಪರಿಹಾರ, ನಿಜ. ಆದರೆ ಕಲಬುರಗಿಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣ ನಾವೇ ಕಂಡದ್ದು. ರಿಪೋರ್ಟಿನಲ್ಲಿ ಬರೀ ‘ಬಲ್ಕಿ ಯೂಟರಸ್’ ಎಂದಿದ್ದರೆ ಅದು ರೋಗದ ಹೆಸರಲ್ಲ. ಊದಿದ್ದೇಕೆ, ಅಡಿನೊಮಯೋಸಿಸ್ಸೋ ಫೈಬ್ರಾಯ್ಡ್ ಗಡ್ಡೆಯೋ ಎಂದು ಕೇಳಿ ಬರೆಸಿಕೊಂಡೇ ಎದ್ದು ಬನ್ನಿ.